ಮಳೆಗಾಲದಲ್ಲಿ ಮೀನಿಗೂ ಬಿಡುವು

ನಮ್ಮ ಕಾಸರಗೋಡಿನಲ್ಲಿ ಪಯಸ್ವಿನಿಯ ಸಿಹಿನೀರೂ ಇದೆ, ಅರಬ್ಬೀ ಕಡಲಿನ ಉಪ್ಪುನೀರೂ ಇದೆ. ಎರಡರಲ್ಲೂ ಮೀನು ಹಿಡಿಯುತ್ತೇವೆ. ಆದರೆ ಯಾವಾಗ ಹಿಡಿಯಬಾರದು ಎಂಬುದಕ್ಕೂ ಒಂದು ಚರಿತ್ರೆಯಿದೆ.

1953ರಲ್ಲಿ ಕೊಲ್ಲಂ ಬಳಿಯ ನೀಂಡಕರದಲ್ಲಿ ಭಾರತ-ನಾರ್ವೆ ಯೋಜನೆ ಶುರುವಾಗಿ ಯಂತ್ರದ ದೋಣಿಗಳು ಬಂದವು. ಸಿಗಡಿಗೆ ರಫ್ತಿನ ಬೆಲೆ ಸಿಕ್ಕಾಗ ಟ್ರಾಲ್ ಬೋಟುಗಳು ಹೆಚ್ಚಿದವು. ಕಡಲ ತಳ ಗೋರುವ ಬಲೆ ಮರಿಗಳನ್ನೂ ಬಿಡಲಿಲ್ಲ. ನಾಡದೋಣಿಯವರು 1980ರ ದಶಕದಲ್ಲಿ ಬೀದಿಗಿಳಿದು ಹೋರಾಡಿದರು. 1988ರಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಬಂತು. 2018ರಿಂದ ಅದು 52 ದಿನ. ನಾಡದೋಣಿಗೆ ಆಗಲೂ ತಡೆಯಿಲ್ಲ.

ಹೊಳೆಮೀನುಗಳು ಮೊದಲ ಮಳೆಗೆ ಮೊಟ್ಟೆಯಿಡಲು ತೋಡು, ಗದ್ದೆಗಳಿಗೆ ಏರುತ್ತವೆ. ಅವುಗಳ ದಾರಿಗೆ ಅಡ್ಡಗಟ್ಟುವುದನ್ನು ಕೇರಳದ 2010ರ ಒಳನಾಡು ಮೀನುಗಾರಿಕೆ ಕಾನೂನು ತಡೆಯುತ್ತದೆ. ಕಡಲಿಗೆ ಗಸ್ತಿನ ಬೋಟಿದೆ. ನಮ್ಮ ತೋಡಿಗೆ ಕಾವಲು ನಾವೇ, ಮಕ್ಕಳೇ.