ಪರನಿಂದೆಗೆ ಮೊದಲು ಆತ್ಮನಿಂದೆ

ಜೈನಧರ್ಮದಲ್ಲಿ ‘ನಿಂದೆ’ ಎಂಬ ಪದಕ್ಕೆ ಒಂದು ಒಳ್ಳೆಯ ಅರ್ಥವೂ ಇದೆ. ತನ್ನ ದೋಷವನ್ನು ಆತ್ಮಸಾಕ್ಷಿಯಾಗಿ ಹಳಿದುಕೊಳ್ಳುವುದು ನಿಂದೆ. ಅದನ್ನೇ ಗುರುಸಾಕ್ಷಿಯಾಗಿ ಹೇಳಿಕೊಳ್ಳುವುದು ಗರ್ಹೆ. ಆದ ದೋಷದಿಂದ ಹಿಂದಿರುಗುವುದು ಪ್ರತಿಕ್ರಮಣ. ಇದು ಮುನಿಗಳ ಆರು ಆವಶ್ಯಕಗಳಲ್ಲಿ ಒಂದು.

ಪರರನ್ನು ನಿಂದಿಸಿ ತನ್ನನ್ನು ಹೊಗಳಿಕೊಳ್ಳುವುದು, ಪರರಲ್ಲಿರುವ ಗುಣವನ್ನು ಮುಚ್ಚಿ ತನ್ನಲ್ಲಿಲ್ಲದ ಗುಣವನ್ನು ಮೆರೆಸುವುದು ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣವೆಂದು ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ 6ನೇ ಅಧ್ಯಾಯ ತಿಳಿಸುತ್ತದೆ.

ಹಾಗೆಂದು ಪರರ ತಪ್ಪನ್ನು ಕಂಡೂ ಸುಮ್ಮನಿರಬೇಕೆಂದಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೆಂದರೆ ಅಶಕ್ತರ ದೋಷವನ್ನು ಬಯಲಿಗೆಳೆಯದಿರುವುದು. ಸ್ಥಿತೀಕರಣವೆಂದರೆ ಜಾರಿದವರನ್ನು ಮತ್ತೆ ಧರ್ಮದಲ್ಲಿ ನಿಲ್ಲಿಸುವುದು. ತಿದ್ದುವ ಮನಸ್ಸಿಲ್ಲದ ಟೀಕೆ ಬರಿಯ ಪರನಿಂದೆ.

ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಮೇಗುಟಿ ಜಿನಾಲಯವಿದೆ. ಕ್ರಿ.ಶ. 634ರ ಅಲ್ಲಿನ ಶಾಸನದಲ್ಲಿ ಕವಿ ರವಿಕೀರ್ತಿ ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಯರಿಗೆ ಸಮನೆಂದು ಹೇಳಿಕೊಂಡಿದ್ದಾನೆ. ಅದನ್ನು ಓದಿ ಕವಿಯನ್ನು ಆಕ್ಷೇಪಿಸುವುದು ಸುಲಭ. ಬಸದಿಗೆ ಕೊಟ್ಟ ದಾನದ ಫಲಕದಲ್ಲಿ ತನ್ನ ಹೆಸರು ಎಷ್ಟು ದೊಡ್ಡದಾಗಿರಬೇಕೆಂದು ತಾನು ಬಯಸಿದೆನೆಂಬುದನ್ನು ನೋಡಿಕೊಳ್ಳುವುದು ಕಷ್ಟ.

ಬಾದಾಮಿಯ 4ನೇ ಗುಹೆಯಲ್ಲಿ ಬಾಹುಬಲಿಯ ಶಿಲ್ಪವಿದೆ. ಕಾಲಿಗೆ ಬಳ್ಳಿ ಹಬ್ಬಿದರೂ ಆತ ಕಾಯೋತ್ಸರ್ಗದಲ್ಲಿ ಅಚಲ. ಅಣ್ಣ ಭರತನನ್ನು ಗೆದ್ದ ಮೇಲೆ ಆತ ಗೆಲ್ಲಬೇಕಾಗಿ ಬಂದದ್ದು ತನ್ನ ಕಷಾಯಗಳನ್ನು. ಶ್ರಾವಕರು ದಿನಕ್ಕೊಮ್ಮೆ ಸಾಮಾಯಿಕಕ್ಕೆ ಕುಳಿತಾಗ, ಅಂದು ಪರರಲ್ಲಿ ಕಂಡ ಒಂದು ದೋಷವನ್ನು ತನ್ನಲ್ಲಿಯೂ ಹುಡುಕಿಕೊಂಡರೆ, ಮರುದಿನದ ಮಾತು ತಾನಾಗಿ ಮೃದುವಾಗುತ್ತದೆ.