ಮುನ್ನೂರು ಮಾರಿನ ಕೆಳಗೆ

ನೆಲದ ಮೇಲೆ ಅಡವಿ ಮುಗಿದು ಹುಲ್ಲುಗಾವಲು ತೊಡಗುವ ಎಡೆ ಕಣ್ಣಿಗೇ ಕಾಣುತ್ತದೆ. ಕಡಲಿನ ಒಳಗಣ ಎಲ್ಲೆಗಳು ಹಾಗಲ್ಲ. ಅವನ್ನು ಗುರುತಿಸಹೊರಟವರಲ್ಲಿ ಎಡ್ವರ್ಡ್ ಫೋರ್ಬ್ಸ್ ನನಗೆ ಪ್ರಿಯನಾದವನು, ಅವನ ತಪ್ಪಿನ ಸಮೇತ. 1841-42ರಲ್ಲಿ ಆತ ಏಜಿಯನ್ ಸಮುದ್ರದ ತಳವನ್ನು 230 ಮಾರುಗಳವರೆಗೆ ಬಲೆಯಿಂದ ಗೋರಿ, ಆಳಕ್ಕೆ ತಕ್ಕಂತೆ ಎಂಟು ಜೀವವಲಯಗಳನ್ನು ವಿಂಗಡಿಸಿದ. ಮಾರೆಂದರೆ ಚಾಚಿದ ತೋಳುಗಳ ಅಳತೆ, ಆರು ಅಡಿ. ಇಳಿದಂತೆಲ್ಲ ಜೀವಿಗಳು ವಿರಳವಾದುದನ್ನು ಕಂಡು, 300 ಮಾರುಗಳ ಕೆಳಗೆ ಜೀವವೇ ಇರಲಾರದೆಂದು ಊಹಿಸಿದ. ಏಜಿಯನ್ನಿನ ಆಳವೇ ಬಡವೆಂಬುದನ್ನು ಆತ ಅರಿಯನು. ಊಹೆಯನ್ನು ವಿದ್ವಾಂಸರನೇಕರು ನಿಯಮವೆಂದೇ ನಂಬಿದರು. 1818ರಲ್ಲಿಯೇ ಜಾನ್ ರಾಸ್ ಬಾಫಿನ್ ಕೊಲ್ಲಿಯಲ್ಲಿ ಅದಕ್ಕೂ ಆಳದಿಂದ ನಕ್ಷತ್ರಮೀನಿನ ಬಳಗದ ಜೀವಿಯೊಂದನ್ನು ಎತ್ತಿದ್ದನಷ್ಟೆ!

ಕೊನೆಗೆ ಸಾಕ್ಷಿ ನುಡಿದದ್ದು ಒಂದು ತಂತಿ. 1860ರಲ್ಲಿ ಸಾರ್ಡೀನಿಯ, ಆಫ್ರಿಕಗಳ ನಡುವೆ ಕಡಲಡಿಯಲ್ಲಿ ಕೆಟ್ಟುಹೋದ ಟೆಲಿಗ್ರಾಫ್ ಕೇಬಲನ್ನು ಸಾವಿರಕ್ಕೂ ಮಿಕ್ಕ ಮಾರುಗಳಿಂದ ಮೇಲೆತ್ತಿದಾಗ, ಅದಕ್ಕೆ ಹವಳದ ಜೀವಿಗಳೂ ಚಿಪ್ಪುಪ್ರಾಣಿಗಳೂ ಅಂಟಿಕೊಂಡಿದ್ದವು. ನೋಡಲು ಫೋರ್ಬ್ಸ್ ಇರಲಿಲ್ಲ. 1854ರಲ್ಲಿ, 39ರ ಹರೆಯದಲ್ಲೇ, ತೀರಿಕೊಂಡಿದ್ದ. ಆಳಕ್ಕೊಂದು ವಲಯವೆಂಬ ಅವನ ಕಲ್ಪನೆ ಉಳಿಯಿತು. ಅಳಿದದ್ದು ಆ ಶೂನ್ಯವೊಂದೇ. 1977ರಲ್ಲಿ ಗೆಲಾಪಗಸ್ ಬಳಿ, ಸುಮಾರು 2,500 ಮೀಟರ್ ಕೆಳಗೆ, ಬಿಸಿನೀರಿನ ಬುಗ್ಗೆಗಳ ಸುತ್ತ, ಬಿಸಿಲನ್ನೇ ಕಾಣದ ಕೊಳವೆಹುಳುಗಳು ಒತ್ತೊತ್ತಾಗಿ ನಿಂತಿದ್ದವು.