ಹೊಟ್ಟೆ ಕಿರಿದಾದ ಮೇಲೂ ಸುಸ್ತು ಉಳಿದರೆ

ಬೊಜ್ಜು ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯವರು ಹೈದರಾಬಾದ್, ಬೆಂಗಳೂರಿನಂಥ ದೊಡ್ಡ ಊರು ಹಿಡಿಯುವುದುಂಟು. ಆಪರೇಷನ್ ಅಲ್ಲಿ ಮುಗಿಯುತ್ತದೆ. ಮುಂದಿನ ಬದುಕು ಮಾತ್ರ ಇಲ್ಲಿಯದೇ ಜೋಳದ ರೊಟ್ಟಿ, ತೊಗರಿಬೇಳೆ, 40 ಡಿಗ್ರಿ ದಾಟುವ ಬಿಸಿಲಿನ ನಡುವೆ ಸಾಗಬೇಕು. ಕೈಗೆ ಕೊಟ್ಟು ಕಳಿಸುವ ಪಥ್ಯದ ಚೀಟಿಯಲ್ಲಿ ಪ್ರೋಟೀನ್ ಪುಡಿ, ಓಟ್ಸ್, ದಿನಾ ಹೆಚ್ಚಿಸುತ್ತ ಹೋಗುವ ನಡಿಗೆ ಎಂದೆಲ್ಲ ಬರೆದಿರುತ್ತದೆ. ದೀರ್ಘಕಾಲದ ಆಯಾಸದ ಕಾಯಿಲೆಯೂ ಜೊತೆಗಿದ್ದವರಿಗೆ ಇದರಲ್ಲಿ ಕೊನೆಯದು ಕೆಡುಕನ್ನೇ ಮಾಡಬಹುದು. ಅಂಥವರು ತೂಕವನ್ನು ಹತೋಟಿಯಲ್ಲಿಡಬೇಕಾದುದು ಹೆಚ್ಚಾಗಿ ತಾಟಿನಲ್ಲಿ, ಹಾದಿಯಲ್ಲಲ್ಲ.

ಒಳಗೆ ಆದ ಬದಲಾವಣೆ

ಸ್ಲೀವ್ ವಿಧಾನದಲ್ಲಿ ಜಠರದ ಶೇ 75ರಿಂದ 80 ಭಾಗವನ್ನು ತೆಗೆದುಬಿಡುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲ ಮಾಡಿ, ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಎರಡರಲ್ಲೂ ಹಸಿವು ತಗ್ಗಿ ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ. ಬೈಪಾಸ್ ಆದವರಲ್ಲಿ ಕಬ್ಬಿಣ, ಕ್ಯಾಲ್ಸಿಯಂ, ಬಿ12 ಮೈಗೆ ಹತ್ತುವುದೂ ಕಡಿಮೆ. ತೂಕ ಬಹುಪಾಲು ಇಳಿಯುವುದು ಮೊದಲ ಒಂದು, ಒಂದೂವರೆ ವರ್ಷದಲ್ಲಿ.

ಎರಡು ಬಗೆಯ ಸುಸ್ತು

ಆಯಾಸದ ಕಾಯಿಲೆ ಮೊದಲೇ ಇದ್ದವರು ಆಪರೇಷನ್ ಆದ ಮೇಲೆ 'ಅಶಕ್ತಿ ಆಗ್ಯದ' ಎಂದರೆ, ಹಳೆಯ ಕಾಯಿಲೆಯೇ ಬಿಡು ಎಂದು ಮನೆಯವರೂ ಕೆಲವೊಮ್ಮೆ ವೈದ್ಯರೂ ಸುಮ್ಮನಾಗುತ್ತಾರೆ. ಅಪಾಯ ಇರುವುದು ಇಲ್ಲಿಯೇ. ರಕ್ತಹೀನತೆ, ಬಿ12 ಕೊರತೆ, ಡಿ ಜೀವಸತ್ವದ ಕೊರತೆ, ಸಾಲದ ಪ್ರೋಟೀನ್ ಎಲ್ಲವೂ ಇದೇ ಸುಸ್ತಿನ ರೂಪದಲ್ಲೇ ಬರುತ್ತವೆ, ಮತ್ತು ಇವೆಲ್ಲಕ್ಕೂ ಚಿಕಿತ್ಸೆ ಇದೆ. ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಆಪರೇಷನ್ನಿಗೆ ಮೊದಲೇ ತಳ ಹಿಡಿದಿರುವುದು ಅಪರೂಪವಲ್ಲ. ತೂಕ ಇಳಿದ ಮೇಲೆ ಹಳೆಯ ಪ್ರಮಾಣದ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳೇ ಹೆಚ್ಚಾಗಿ, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದೂ ಇದೆ.

ಎಂಇ/ಸಿಎಫ್‌ಎಸ್ ಎಂದು ಕರೆಯುವ ಆಯಾಸದ ಕಾಯಿಲೆಯ ಗುರುತೇ ಬೇರೆ. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವಿವರಿಸಿದಂತೆ, ಆರು ತಿಂಗಳಿಗೂ ಮೀರಿದ ದಣಿವು, ಮಲಗಿ ಎದ್ದರೂ ಹಗುರಾಗದ ಮೈ, ಶ್ರಮದ ನಂತರದ ಕುಸಿತ ಇವು ಮುಖ್ಯ ಲಕ್ಷಣಗಳು. ಇವುಗಳೊಂದಿಗೆ ಮರೆವು, ಮಂಕು ಅಥವಾ ನಿಂತರೆ ತಡೆಯಲಾಗದ ಬವಳಿಕೆ ಇರುತ್ತದೆ. ಕುಸಿತ ಆಗಿಂದಾಗ ಬರದೆ ಎಷ್ಟೋ ಸಲ ಮರುದಿನವೋ ಅದರಾಚೆಯ ದಿನವೋ ಬರುತ್ತದೆ. ಸೋಮವಾರ ರೊಟ್ಟಿ ಬಡಿದದ್ದಕ್ಕೆ ಬುಧವಾರ ಹಾಸಿಗೆ ಹಿಡಿದರೆ ಎರಡರ ನಂಟು ಮನೆಯವರಿಗೆ ಹೊಳೆಯುವುದೇ ಇಲ್ಲ, ಮೈಗಳ್ಳತನ ಎನ್ನುತ್ತಾರೆ.

ಸಲೈನ್ ಹಚ್ಚಿಸುವ ಮುನ್ನ

ಈ ಭಾಗದಲ್ಲಿ ಸುಸ್ತೆಂದರೆ ಊರಿನ ದವಾಖಾನೆಯಲ್ಲಿ ಒಂದು ಬಾಟಲಿ ಗ್ಲೂಕೋಸ್ ಹಚ್ಚಿಸಿಕೊಳ್ಳುವ ರೂಢಿ ಬಲವಾಗಿದೆ. ಈ ಶಸ್ತ್ರಚಿಕಿತ್ಸೆ ಆಗಿ, ದಿನಗಟ್ಟಲೆ ವಾಂತಿಯಾಗುತ್ತಿರುವವರಿಗೆ ಅದು ನಿಜಕ್ಕೂ ಅಪಾಯ. ಬಿ1, ಅಂದರೆ ಥಯಾಮಿನ್, ದೇಹದಲ್ಲಿ ಎರಡು ಮೂರು ವಾರಕ್ಕೆ ಸಾಲುವಷ್ಟೇ ಸಂಗ್ರಹವಾಗಿರುತ್ತದೆ. ಅದು ಬರಿದಾದಾಗ ಥಯಾಮಿನ್ ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ನೋಟ ಎರಡೆರಡಾಗುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು ಅದರ ಚಿಹ್ನೆ. 'ನನಗೆ ಹೊಟ್ಟೆ ಆಪರೇಷನ್ ಆಗಿದೆ, ಮೊದಲು ಬಿ1 ಕೊಡಿ' ಎಂದು ಬರೆದ ಚೀಟಿ ಜೇಬಿನಲ್ಲಿರಲಿ. ಮೈಕೈ ನೋವಿಗೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ಕೊಳ್ಳುವ ನೋವಿನ ಗುಳಿಗೆಗಳೂ ಬೈಪಾಸ್ ಆದವರಿಗೆ ಹುಣ್ಣು ತರಬಹುದು. ತಂಬಾಕು ಸಹ ಹಾಗೆಯೇ.

ತಾಟಿನಲ್ಲಿ ಏನಿರಬೇಕು

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಎಂಬುದು ಸಾಮಾನ್ಯ ಗುರಿ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿಯ ನಾಡಿನಲ್ಲಿ ಇದಕ್ಕೆ ದುಬಾರಿ ಡಬ್ಬಿಯೇ ಆಗಬೇಕೆಂದಿಲ್ಲ. ನೂರು ಗ್ರಾಂ ಹಸಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಜೋಳದಲ್ಲಿ ಹತ್ತರ ಹತ್ತಿರ, ಒಂದು ಮೊಟ್ಟೆಯಲ್ಲಿ ಆರು. ಆದರೆ ಬೇಳೆಯ ಕಟ್ಟಿನಿಂದ ಮಾಡಿದ ತಿಳಿ ಸಾರಿನಲ್ಲಿ ಅದು ಬಹಳ ಕಡಿಮೆ. ಸಾರು ಕುಡಿದು ಬೇಳೆ ತಿಂದೆವೆಂದುಕೊಂಡರೆ ಸುಸ್ತು ಹೋಗದು. ಗಟ್ಟಿ ಬೇಳೆ, ಹೆಸರುಕಾಳು, ಮಡಕಿ ಕಾಳು, ಝುಣಕ, ಗಟ್ಟಿ ಮೊಸರು, ಪನೀರ್ ತಾಟಿಗೆ ಮೊದಲು ಬರಬೇಕು, ರೊಟ್ಟಿ ಅನ್ನ ಕೊನೆಗೆ. ಇಷ್ಟಾಗಿಯೂ ಬರೀ ಕಾಳಿನಿಂದ ಗುರಿ ಮುಟ್ಟದ ದಿನಗಳಿರುತ್ತವೆ. ಆಗ ಪುಡಿ ಬೇಕಾದರೆ ಬೆರೆಸಿಕೊಳ್ಳಲಿ, ತಪ್ಪಿಲ್ಲ.

ಮೊದಲ ಎರಡು ವಾರ ದ್ರವ ಆಹಾರ, ಆಮೇಲೆ ರುಬ್ಬಿದ್ದು, ಮೆತ್ತನೆಯದು. ಜೋಳದ ನುಚ್ಚು ಮಜ್ಜಿಗೆ ಆ ಹಂತಕ್ಕೆ ಒಗ್ಗುತ್ತದೆ. ಗಟ್ಟಿ ಊಟಕ್ಕೆ ಒಂದೂವರೆ ಎರಡು ತಿಂಗಳು ಬೇಕು. ಕಟಕ್ ರೊಟ್ಟಿ ಅಲ್ಲಿಂದಾಚೆಗೆ, ಅದೂ ಚೆನ್ನಾಗಿ ಅಗಿದು. ರೊಟ್ಟಿ ಬಡಿಯುವುದು ಸಣ್ಣ ಕೆಲಸವಲ್ಲ. ಜಿಲ್ಲಾಡಳಿತ 'ಕಲಬುರಗಿ ರೊಟ್ಟಿ' ಹೆಸರಲ್ಲಿ ಸ್ವಸಹಾಯ ಸಂಘದ ಮಹಿಳೆಯರ ರೊಟ್ಟಿ ಮಾರುಕಟ್ಟೆಗೆ ತಂದಿರುವಾಗ ಕೊಂಡು ತಿನ್ನುವುದರಲ್ಲಿ ನಾಚಿಕೆ ಏಕೆ?

ಎಳ್ಳ ಅಮಾವಾಸ್ಯೆಯ ಭಜ್ಜಿಯಲ್ಲಿ ಕಾಳು, ತರಕಾರಿ ಎರಡೂ ಇರುವುದರಿಂದ ನಾಲ್ಕು ಚಮಚ ಆರಾಮಾಗಿ ತಿನ್ನಬಹುದು. ಶೇಂಗಾ ಹೋಳಿಗೆ, ಕಬ್ಬಿನ ಹಾಲು ಮಾತ್ರ ಬೈಪಾಸ್ ಆದವರಿಗೆ ಎದೆಬಡಿತ, ಬೆವರು, ಭೇದಿ ತರಬಲ್ಲವು.

ತೂಕ ಮರಳಿ ಏರುವುದು ಹೇಗೆ

ಎರಡನೆಯ ವರ್ಷದಿಂದ ಒಂದಿಷ್ಟು ತೂಕ ಮರಳುವುದು ಸಾಮಾನ್ಯ. ಬೇಯಿಸಿಕೊಳ್ಳಲು ತ್ರಾಣವಿಲ್ಲದ ದಿನ ಬಿಸ್ಕತ್ತು, ಸುಸಲಾ, ಸಕ್ಕರೆ ಹಾಕಿದ ಚಹಾ ದಿನವಿಡೀ ಗಂಟಲಿಗಿಳಿಯುತ್ತವೆ. ಕಿರಿದಾದ ಹೊಟ್ಟೆ ಇವನ್ನು ತಡೆಯುವುದಿಲ್ಲ. ಚೆನ್ನಾಗಿರುವ ದಿನ ಕಾಳು ಬೇಯಿಸಿ ಸಣ್ಣ ಡಬ್ಬಿಗಳಲ್ಲಿ ಫ್ರಿಜ್‌ನಲ್ಲಿಟ್ಟರೆ ಕೆಟ್ಟ ದಿನಕ್ಕೆ ಆಸರೆ.

ವ್ಯಾಯಾಮದ ವಿಷಯದಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ, ನಿಗದಿಯಂತೆ ಏರಿಸುತ್ತ ಹೋಗುವ ಕಸರತ್ತನ್ನು ಆಯಾಸದ ಕಾಯಿಲೆಗೆ ಚಿಕಿತ್ಸೆಯಾಗಿ ಕೊಡಬಾರದೆಂದಿತು. ದಣಿವಿಗೆ ಮುಂಚೆ ನಿಲ್ಲುವುದು, ಕುಳಿತೇ ಕೈಕಾಲಾಡಿಸುವುದು, ಮರುದಿನ ಮೈ ಹೇಗಿತ್ತೆಂದು ನೋಡಿ ಮುಂದುವರಿಯುವುದು ಸರಿ.

ನೀರು, ಗುಳಿಗೆ, ತಪಾಸಣೆ

ದಿನಕ್ಕೆ ಒಂದೂವರೆ ಎರಡು ಲೀಟರ್ ನೀರು ಗುಟುಕು ಗುಟುಕಾಗಿ ಹೋಗಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಊಟದ ಜೊತೆ ಬೇಡ, ಅರ್ಧ ಗಂಟೆ ಬಿಡುವಿರಲಿ. ಕಬ್ಬಿಣದ ಗುಳಿಗೆಗೂ ಕ್ಯಾಲ್ಸಿಯಂ ಗುಳಿಗೆಗೂ ಎರಡು ಗಂಟೆ ಅಂತರವಿಟ್ಟು, ಕಬ್ಬಿಣವನ್ನು ಚಹಾದಿಂದ ದೂರವಿಡಬೇಕು. ಜೀವಸತ್ವದ ಗುಳಿಗೆಗಳು ಜೀವನಪರ್ಯಂತ. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಡಿ, ಥೈರಾಯ್ಡ್ ಪರೀಕ್ಷೆಗಳನ್ನು ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸಬೇಕು. ಇವಕ್ಕಾಗಿ ಹೈದರಾಬಾದಿನವರೆಗೆ ಬಸ್ಸಿನಲ್ಲಿ ಕುಳಿತು ವಾರ ಮಲಗುವ ಬದಲು, ರಕ್ತವನ್ನು ಕಲಬುರಗಿಯಲ್ಲೇ ಕೊಟ್ಟು, ವರದಿಯನ್ನು ಶಸ್ತ್ರಚಿಕಿತ್ಸಕರಿಗೆ ಫೋನಿನಲ್ಲಿ ತೋರಿಸಿ ಮಾತಾಡಬಹುದು.